ಬೆಳಗದ ದೀಪದ ನಿದಾನ

ವೈದ್ಯಶಾಸ್ತ್ರದಲ್ಲಿ ‘ನಿದಾನ’ವೆಂಬುದು ಒಂದು ಪಾರಿಭಾಷಿಕ ಶಬ್ದ. ರೋಗದ ಮೂಲಕಾರಣವೆಂದೂ, ಆ ಕಾರಣವನ್ನು ಲಕ್ಷಣಗಳ ಮೂಲಕ ನಿರ್ಣಯಿಸುವ ಕ್ರಮವೆಂದೂ ಅದಕ್ಕೆ ಅರ್ಥ. ಮಾಧವಕರನ ಗ್ರಂಥವು ‘ಮಾಧವನಿದಾನ’ವೆಂಬ ಹೆಸರಿನಿಂದಲೇ ಪ್ರಸಿದ್ಧವಾಗಿದೆ. ಕನ್ನಡದ ಆಡುಮಾತಿನಲ್ಲಿ ಸಾವಕಾಶವೆಂಬ ಅರ್ಥದಲ್ಲಿ ಬಳಕೆಯಾಗುವ ‘ನಿಧಾನ’ ಶಬ್ದವೇ ಬೇರೆ. ಅಲ್ಲಿಯದು ಮಹಾಪ್ರಾಣದ ಧಕಾರ. ಉತ್ತರಪತ್ರಿಕೆಗಳಲ್ಲಿ ಈ ಎರಡನ್ನೂ ಬೆರಸಿಬಿಡುವುದು ವಿದ್ಯಾರ್ಥಿಗಳ ಹಳೆಯ ಅಭ್ಯಾಸ. ಒಂದು ಅಕ್ಷರದ ವ್ಯತ್ಯಾಸದಿಂದ ಅರ್ಥವೇ ಬೇರೆಯಾಗುವುದೆಂದು ವ್ಯಾಕರಣದ ತರಗತಿಯಲ್ಲಿ ಎಷ್ಟು ಸಲ ಹೇಳಿದರೂ ನಂಬದ ಹುಡುಗನು, ಗಣಕಯಂತ್ರದ ಮುಂದೆ ಕುಳಿತು ಒಂದು ಕಡತದ ಹೆಸರಿನಲ್ಲಿ ಒಂದೇ ಅಕ್ಷರವನ್ನು ತಪ್ಪಿ ಬರೆದಾಗ ತಟ್ಟನೆ ನಂಬುತ್ತಾನೆ. ಅಲ್ಲಿ ಅಂಕ ಕಳೆಯುವ ಉಪಾಧ್ಯಾಯರಿಲ್ಲ. ಬೆಳಗಬೇಕಾದ ದೀಪ ಬೆಳಗುವುದಿಲ್ಲ, ಅಷ್ಟೆ.

ಪ್ರಸ್ತುತ ಲೇಖನದ ವಿಷಯವು ಅಂಥ ಪ್ರಸಂಗಗಳಿಗೆ ಸಂಬಂಧಿಸಿದುದು. ಫ್ಲೈಟ್ ಸಿಮ್ಯುಲೇಟರ್ ಎಂದು ಲೋಕವೆಲ್ಲ ಕರೆಯುವ, ವಿಮಾನಯಾನವನ್ನು ಪರದೆಯ ಮೇಲೆ ಅನುಕರಿಸುವ ತಂತ್ರಾಂಶಕ್ಕೆ ಹೊರಗಿನಿಂದ ತಂದು ಜೋಡಿಸುವ ದೀಪ, ಹೊಗೆ, ಆವಿಯ ಜಾಡು ಮೊದಲಾದ ದೃಶ್ಯಪರಿಣಾಮಗಳುಂಟು. ಅವು ಕಾಣದೆ ಹೋದಾಗ, ಅಥವಾ ಕಾಣಬಾರದ ರೀತಿಯಲ್ಲಿ ಕಂಡಾಗ, ಕಾರಣವನ್ನು ಹುಡುಕುವ ಕ್ರಮವೇನು? ವಿಷಯ ಹೊಸದು, ಹುಡುಕುವ ಕ್ರಮ ಮಾತ್ರ ತರ್ಕಶಾಸ್ತ್ರದಷ್ಟೇ ಹಳೆಯದು. ಸಂಜೆಯ ಹೊತ್ತು ಗಣಕಯಂತ್ರದಲ್ಲಿ ವಿಮಾನ ಹಾರಿಸುವ ವಿದ್ಯಾರ್ಥಿಗಳು ಈಗ ಊರೂರಿನಲ್ಲಿಯೂ ಇರುವರಾದುದರಿಂದ ಈ ವಿವೇಚನೆ ಅಪ್ರಸ್ತುತವಾಗಲಾರದು.

ಮೊದಲು ಇದರ ಪೂರ್ವಕಥೆಯನ್ನು ಸ್ವಲ್ಪ ತಿಳಿಯುವುದು ಉಚಿತ. ಅಮೆರಿಕದ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್‌ಟನ್ ಪಟ್ಟಣದಲ್ಲಿ ಎಡ್ವಿನ್ ಲಿಂಕ್ ಎಂಬ ತರುಣನಿದ್ದನು. ಅವನ ತಂದೆಯದು ಪಿಯಾನೊ ಮತ್ತು ಆರ್ಗನ್ ವಾದ್ಯಗಳ ಕಾರ್ಖಾನೆ. ಆರ್ಗನ್ ವಾದ್ಯಕ್ಕೆ ಉಸಿರು ಕೊಡುವುದು ತಿದಿ. ನಮ್ಮ ಕಮ್ಮಾರರ ಕುಲುಮೆಗೆ ಗಾಳಿಯೂದುವ ತಿದಿಯ ಜಾತಿಯದೇ ಅದು. ಆ ತಿದಿಗಳಿಗೆ ಗಾಳಿ ತುಂಬಿಯೂ ತೆಗೆದೂ ಒಂದು ಮರದ ಪೆಟ್ಟಿಗೆಯನ್ನು ವಿಮಾನದಂತೆ ವಾಲಿಸಬಹುದೆಂದು ಲಿಂಕನು ಯೋಚಿಸಿ, ೧೯೨೯ರ ಹೊತ್ತಿಗೆ ತನ್ನ ಶಿಕ್ಷಣಯಂತ್ರವನ್ನು ಸಿದ್ಧಪಡಿಸಿದನು. ಬಹುಕಾಲ ಅದನ್ನು ಜನರು ಜಾತ್ರೆಯ ಉಯ್ಯಾಲೆಯೆಂದೇ ಬಗೆದರು. ೧೯೩೪ರಲ್ಲಿ ಅಮೆರಿಕದ ಸೈನ್ಯಕ್ಕೆ ಅಂಚೆಯ ವಿಮಾನಗಳನ್ನು ನಡೆಸುವ ಹೊಣೆ ಬಿದ್ದಿತು. ಚಳಿಗಾಲದ ಮಂಜಿನಲ್ಲಿ ನೆಲ ಕಾಣದೆ ಹಲವು ವಿಮಾನಚಾಲಕರು ಪ್ರಾಣ ಕಳೆದುಕೊಂಡರು. ಅದೇ ವರ್ಷ ಸೈನ್ಯವು ಲಿಂಕನಿಂದ ಆರು ಯಂತ್ರಗಳನ್ನು ಕೊಂಡುಕೊಂಡಿತು. ಅವುಗಳಲ್ಲಿ ಕುಳಿತವನಿಗೆ ಹೊರಗಿನ ದೃಶ್ಯವೇ ಇರಲಿಲ್ಲ; ಮೇಲೆ ಮುಚ್ಚಳ, ಎದುರಿಗೆ ಮುಳ್ಳು ತೋರಿಸುವ ಫಲಕಗಳು. ಕಣ್ಣನ್ನು ನಂಬದೆ ಫಲಕವನ್ನು ನಂಬುವ ಅಭ್ಯಾಸವನ್ನು ಕಲಿಸುವುದೇ ಆ ಯಂತ್ರದ ಪ್ರಯೋಜನ.

ದೃಶ್ಯವು ಬಂದುದು ಅನಂತರ. ಬ್ರೂಸ್ ಆರ್ಟ್‌ವಿಕ್ ಎಂಬುವರು ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ೧೯೭೫ರಲ್ಲಿ ಬರೆದ ಪ್ರೌಢಪ್ರಬಂಧದ ವಿಷಯವೇ ಗಣಕಯಂತ್ರದಿಂದ ವಿಮಾನಯಾನದ ಚಲಿಸುವ ಚಿತ್ರವನ್ನು ರಚಿಸುವುದಾಗಿತ್ತು. ಆ ಬೀಜದಿಂದ ಹುಟ್ಟಿದ ತಂತ್ರಾಂಶವನ್ನು ೧೯೮೨ರಲ್ಲಿ ಮೈಕ್ರೋಸಾಫ್ಟ್ ಸಂಸ್ಥೆ ಹೊರತಂದಿತು. ಅದರ ಹತ್ತನೆಯ ಆವೃತ್ತಿ ಪ್ರಕಟವಾದುದು ೨೦೦೬ರಲ್ಲಿ. ಅದನ್ನು ರೂಪಿಸಿದ ವಿಭಾಗವನ್ನು ಸಂಸ್ಥೆಯು ೨೦೦೯ರಲ್ಲಿ ಮುಚ್ಚಿದರೂ, ೨೦೨೦ ಮತ್ತು ೨೦೨೪ರಲ್ಲಿ ಹೊಸ ಆವೃತ್ತಿಗಳು ಬಂದರೂ, ಹತ್ತನೆಯದನ್ನು ಬಿಡದ ಜನ ಇನ್ನೂ ಬಹಳ. ಸಾಧಾರಣ ಗಣಕಯಂತ್ರದಲ್ಲಿ ನಡೆಯುವುದು, ಕಡತಗಳನ್ನು ತೆರೆದು ಕೈಯಾರೆ ತಿದ್ದಬಹುದಾಗಿರುವುದು, ಇವೆರಡು ಅದಕ್ಕೆ ಕಾರಣ. ಮುಂದೆ ಹೇಳುವುದೆಲ್ಲ ಈ ಹತ್ತನೆಯ ಆವೃತ್ತಿಯನ್ನು ಕುರಿತುದು. ಅದಕ್ಕೆ ಬೇಕಾದ ವಿಮಾನಗಳನ್ನೂ ದೀಪಗಳನ್ನೂ ರಚಿಸಿ, ಪ್ರತಿಫಲ ಬೇಡದೆ ಲೋಕಕ್ಕೆ ಹಂಚಿದ ಹವ್ಯಾಸಿಗಳು ದೇಶದೇಶಗಳಲ್ಲಿದ್ದಾರೆ. ಅವರಿಗೆ ನಮ್ಮ ದಾಸೋಹ ಶಬ್ದ ತಿಳಿಯದಿರಬಹುದು. ಮಾಡಿದ ಕೆಲಸ ಅದೇ.

ಈ ತಂತ್ರಾಂಶದಲ್ಲಿ ಒಂದು ವಿಮಾನವೆಂದರೆ ಒಂದು ಫೋಲ್ಡರ್. ಅದರೊಳಗೆ ಆಕೃತಿ, ಫಲಕ, ಶಬ್ದ, ಮೈಬಣ್ಣ ಇವುಗಳಿಗೆ ಬೇರೆ ಬೇರೆ ಉಪಫೋಲ್ಡರುಗಳಿದ್ದು, ಇವೆಲ್ಲವನ್ನೂ ಕೂಡಿಸುವ ಸೂತ್ರದಂತೆ ‘ಏರ್‌ಕ್ರಾಫ್ಟ್ ಡಾಟ್ ಸಿಎಫ್‌ಜಿ’ ಎಂಬ ಬರಹದ ಕಡತವೊಂದಿರುತ್ತದೆ. ದೃಶ್ಯಪರಿಣಾಮಗಳ ಮನೆ ಮಾತ್ರ ಬೇರೆ. ಎಲ್ಲ ವಿಮಾನಗಳಿಗೂ ಸಾಮಾನ್ಯವಾದ ‘ಎಫೆಕ್ಟ್ಸ್’ ಎಂಬ ಫೋಲ್ಡರಿನಲ್ಲಿ ಒಂದೊಂದು ಪರಿಣಾಮಕ್ಕೆ ಒಂದೊಂದು ಕಡತವಿದ್ದು, ಅದರ ಹೆಸರು ‘ಡಾಟ್ ಎಫ್‌ಎಕ್ಸ್’ ಎಂದು ಮುಗಿಯುತ್ತದೆ. ಆ ಕಡತವು ತನಗೆ ಬೇಕಾದ ಚಿತ್ರವನ್ನು ಅಲ್ಲಿಯೇ ಇರುವ ‘ಟೆಕ್ಸ್ಚರ್’ ಎಂಬ ಒಳಫೋಲ್ಡರಿನಿಂದ ಪಡೆಯುತ್ತದೆ. ಹೀಗೆ ರೆಕ್ಕೆಯ ತುದಿಯಲ್ಲಿ ಒಂದು ದೀಪ ಬೆಳಗಬೇಕಾದರೆ ವಿಮಾನದ ಕಡತವು ಪರಿಣಾಮದ ಕಡತವನ್ನು ಕರೆಯಬೇಕು. ಅದು ಚಿತ್ರವನ್ನು ಕರೆಯಬೇಕು.

ವಾಕ್ಯದಿಂದ ಅರ್ಥಬೋಧೆಯಾಗಲು ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ ಎಂಬ ಮೂರು ಬೇಕೆಂದು ತಾರ್ಕಿಕರು ಹೇಳುತ್ತಾರೆ. ಹಸು, ಕುದುರೆ, ಆನೆ ಎಂದು ಸುಮ್ಮನೆ ಹೆಸರು ಹೇಳುತ್ತ ಹೋದರೆ ಒಂದಕ್ಕೊಂದರ ಅಪೇಕ್ಷೆ ಇಲ್ಲದೆ ವಾಕ್ಯವಾಗದು. ಬೆಂಕಿಯಿಂದ ಗಿಡಕ್ಕೆ ನೀರೆರೆಯುತ್ತಾನೆಂದರೆ ಪದಗಳಿಗೆ ಪರಸ್ಪರ ಯೋಗ್ಯತೆ ಇಲ್ಲ. ಒಂದು ಪದವನ್ನು ಬೆಳಿಗ್ಗೆ, ಇನ್ನೊಂದನ್ನು ಸಂಜೆ ಉಚ್ಚರಿಸಿದರೆ ಸನ್ನಿಧಿ ಇಲ್ಲ. ದೃಶ್ಯಪರಿಣಾಮದ ವಿಷಯದಲ್ಲಿಯೂ ಇದೇ ಪರೀಕ್ಷೆ ಸಲ್ಲುತ್ತದೆ. ವಿಮಾನದ ಕಡತದಲ್ಲಿ ಕರೆದ ಹೆಸರೂ ಎಫೆಕ್ಟ್ಸ್ ಫೋಲ್ಡರಿನಲ್ಲಿರುವ ಹೆಸರೂ ಅಕ್ಷರಶಃ ಒಂದೇ ಆಗಿದೆಯೇ? ಕಡತವು ನಿಜವಾಗಿಯೂ ಎಫ್‌ಎಕ್ಸ್ ಜಾತಿಯದೇ? ಇರಬೇಕಾದ ಸ್ಥಾನದಲ್ಲಿಯೇ ಇದೆಯೇ?

ಅನುಭವದಲ್ಲಿ ಹೆಚ್ಚಾಗಿ ಕೆಡುವುದು ಮೂರನೆಯದಾದ ಸನ್ನಿಧಿ. ಪೊಟ್ಟಣ ಕಟ್ಟಿ ಬಂದ ಕಡತಗಳನ್ನು ಬಿಚ್ಚುವಾಗ, ಎಫೆಕ್ಟ್ಸ್ ಫೋಲ್ಡರಿನ ಒಳಗೆ ಇನ್ನೊಂದು ಎಫೆಕ್ಟ್ಸ್ ಫೋಲ್ಡರ್ ಹುಟ್ಟಿಕೊಳ್ಳುತ್ತದೆ. ನೋಡಿದವನಿಗೆ ಹೆಸರು ಸರಿಯಾಗಿಯೇ ಕಾಣುತ್ತದೆ. ತಂತ್ರಾಂಶ ಮಾತ್ರ ಅಷ್ಟು ಒಳಕ್ಕೆ ಹೋಗಿ ಹುಡುಕುವುದಿಲ್ಲ. ಯೋಗ್ಯತೆ ಕೆಡುವುದು ಇನ್ನೊಂದು ಬಗೆಯಲ್ಲಿ. ವಿಂಡೋಸ್ ವ್ಯವಸ್ಥೆಯು ಕಡತದ ಹೆಸರಿನ ಕಡೆಯ ಭಾಗವನ್ನು ಮರೆಮಾಡಿ ತೋರಿಸುವ ಪದ್ಧತಿಯುಂಟು. ನೋಟ್‌ಪ್ಯಾಡಿನಲ್ಲಿ ತಿದ್ದಿ ಉಳಿಸಿದ ಎಫ್‌ಎಕ್ಸ್ ಕಡತಕ್ಕೆ ‘ಡಾಟ್ ಟಿಎಕ್ಸ್‌ಟಿ’ ಎಂಬ ಬಾಲವೊಂದು ಸೇರಿಕೊಂಡಿರುತ್ತದೆ. ಆ ಬಾಲ ಮಾತ್ರ ಕಣ್ಣಿಗೆ ಬೀಳುವುದಿಲ್ಲ. ಫೋಲ್ಡರಿನ ಆಯ್ಕೆಗಳಲ್ಲಿ ಪೂರ್ಣನಾಮವನ್ನು ತೋರಿಸುವಂತೆ ಮಾಡಿಕೊಂಡಲ್ಲದೆ ಈ ಕೆಲಸಕ್ಕೆ ಕೈಹಾಕಬಾರದು.

ಇನ್ನು ಚಿತ್ರವು ಸಿಕ್ಕದಿದ್ದರೆ ಅಥವಾ ಅದರ ಪಾರದರ್ಶಕ ಭಾಗವು ನಷ್ಟವಾಗಿದ್ದರೆ ಲಕ್ಷಣ ಬೇರೆ. ಪರದೆಯಲ್ಲಿ ಕಾಣುವ ಹೊಗೆಯು ನಿಜವಾಗಿ ಹೊಗೆಯಲ್ಲ. ನೋಡುವವನ ಕಡೆಗೆ ಸದಾ ಮುಖ ಮಾಡಿ ನಿಲ್ಲುವ ಅನೇಕ ಚೌಕದ ಹಾಳೆಗಳು ಒಂದರ ಮೇಲೊಂದು ಬಿದ್ದು ಹುಟ್ಟಿಸುವ ಭ್ರಾಂತಿ. ಹಾಳೆಯ ಅಂಚು ಕರಗಿದಂತೆ ಕಾಣುವುದು ಪಾರದರ್ಶಕತೆಯಿಂದ. ಅದು ಕೆಟ್ಟಾಗ ಹೊಗೆಯ ಬದಲು ಬಿಳಿಯ ಅಥವಾ ಕರಿಯ ಚೌಕಗಳ ಸರಮಾಲೆ ವಿಮಾನದ ಹಿಂದೆ ಹೊರಡುತ್ತದೆ. ಏನೂ ಕಾಣದಿದ್ದರೆ ಎಫ್‌ಎಕ್ಸ್ ಕಡತವನ್ನು ಶಂಕಿಸುವುದು, ಚೌಕಗಳು ಕಂಡರೆ ಚಿತ್ರವನ್ನು ಶಂಕಿಸುವುದು: ಇಷ್ಟು ವಿವೇಕದಿಂದಲೇ ಅರ್ಧ ಶ್ರಮ ಉಳಿಯುತ್ತದೆ.

ಆದರೆ ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಕಾಣದಿರುವುದು ದೋಷವೇ ಹೌದೇ? ‘ಇಲ್ಲ’ ಎಂಬ ಜ್ಞಾನಕ್ಕೆ ಕೇವಲ ಅನುಪಲಬ್ಧಿ ಸಾಲದು, ಯೋಗ್ಯಾನುಪಲಬ್ಧಿ ಬೇಕು ಎಂದು ಮೀಮಾಂಸಕರು ಬಹು ಸೂಕ್ಷ್ಮವಾಗಿ ಹೇಳಿದ್ದಾರೆ. ಇದ್ದಿದ್ದರೆ ಕಾಣಲೇಬೇಕಾಗಿದ್ದ ಸನ್ನಿವೇಶದಲ್ಲಿ ಕಾಣದಿದ್ದರೆ ಮಾತ್ರ ಅದು ಇಲ್ಲವೆಂದು ಹೇಳಬಹುದು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದ ಮಾತ್ರಕ್ಕೆ ಗಡಿಗೆಯಿಲ್ಲವೆನ್ನಲಾಗದು. ದೂರುಗಳಲ್ಲಿ ದೊಡ್ಡದೊಂದು ಪಾಲು ಇಲ್ಲಿಯೇ ಕರಗಿಹೋಗುತ್ತದೆ.

ವಿಮಾನದ ಹಿಂದೆ ಆಕಾಶದಲ್ಲಿ ಮೂಡುವ ಬಿಳಿಯ ಗೆರೆಯನ್ನು ತೆಗೆದುಕೊಳ್ಳಬಹುದು. ಒಂದು ಕಿಲೋಗ್ರಾಂ ವಿಮಾನದ ಇಂಧನ ಉರಿದರೆ ಸುಮಾರು ೧.೨೫ ಕಿಲೋಗ್ರಾಂ ನೀರಾವಿ ಹುಟ್ಟುತ್ತದೆ. ಇಂಧನಕ್ಕಿಂತ ನೀರೇ ಹೆಚ್ಚು ತೂಗುವುದು ಹೇಗೆಂದು ಬೆರಗಾಗಬೇಕಿಲ್ಲ. ಇಂಧನದ ಜಲಜನಕಕ್ಕೆ ಗಾಳಿಯ ಆಮ್ಲಜನಕ ಬಂದು ಸೇರುತ್ತದೆ. ಹೊರಗಿನ ಗಾಳಿ ಸುಮಾರು ಸೊನ್ನೆಗಿಂತ ೪೦ ಡಿಗ್ರಿ ಸೆಲ್ಸಿಯಸ್ ಕೆಳಗೆ ಇಳಿದಿದ್ದರೆ ಆ ಆವಿ ಹೆಪ್ಪುಗಟ್ಟಿ ಹಿಮಕಣಗಳ ಗೆರೆಯಾಗುತ್ತದೆ. ಅಂಥ ಚಳಿ ಇರುವುದು ಬಹಳ ಎತ್ತರದಲ್ಲಿ. ಸಿಮ್ಯುಲೇಟರಿನಲ್ಲಿಯೂ ಈ ಪರಿಣಾಮವನ್ನು ಎತ್ತರದಲ್ಲಿ ಮಾತ್ರ ಕಾಣುವಂತೆ ಅಳವಡಿಸಲಾಗಿದೆ. ಹತ್ತು ಸಾವಿರ ಅಡಿಯಲ್ಲಿ ಹಾರುತ್ತ ಗೆರೆ ಮೂಡಲಿಲ್ಲವೆಂದು ಕಡತಗಳನ್ನೆಲ್ಲ ಕೆದಕುವವನು ಇಲ್ಲದ ರೋಗಕ್ಕೆ ಔಷಧ ಹುಡುಕುತ್ತಾನೆ. ಅದೇ ರೀತಿ, ವಿಮಾನದ ಬ್ಯಾಟರಿಯ ಗುಂಡಿ ಹಾಕದಿದ್ದರೆ ದೀಪ ಬೆಳಗದು. ಸಾಹಸಪ್ರದರ್ಶನದ ಹೊಗೆಗೆ ಕೀಲಿಮಣೆಯಲ್ಲಿ ‘ಐ’ ಅಕ್ಷರವನ್ನು ಒತ್ತಬೇಕು. ನಡುಹಗಲಿನಲ್ಲಿ ರೆಕ್ಕೆಯ ದೀಪ ಕಂಡೂ ಕಾಣದಂತಿರುತ್ತದೆ. ದೃಶ್ಯದ ಆಯ್ಕೆಗಳಲ್ಲಿ ವಿಶೇಷ ಪರಿಣಾಮಗಳ ಮಟ್ಟವನ್ನು ಇಳಿಸಿಟ್ಟಿದ್ದರೆ ಕೆಲವು ತೆಳುವಾಗಿಯೇ ಕಾಣುತ್ತವೆ. ಇವುಗಳನ್ನು ನೋಡಲು ಒಂದು ನಿಮಿಷ ಸಾಕು. ನೋಡದಿದ್ದರೆ ಒಂದು ರಾತ್ರಿ ಸಾಲದು.

ದೋಷವು ದಿಟವೆಂದು ಗೊತ್ತಾದ ಮೇಲೆ ಎರಡನೆಯ ಪ್ರಶ್ನೆ: ದೋಷ ಒಂದು ವಿಮಾನದಲ್ಲೋ, ಎಲ್ಲ ವಿಮಾನಗಳಲ್ಲೋ? ಇಲ್ಲಿ ಪ್ರಯೋಗಕ್ಕೆ ಬರುವುದು ಅನ್ವಯವ್ಯತಿರೇಕ. ಯಾವುದು ಇದ್ದರೆ ಕಾರ್ಯವಿರುವುದೋ, ಯಾವುದು ಇಲ್ಲದಿದ್ದರೆ ಕಾರ್ಯವಿಲ್ಲವೋ ಅದೇ ಕಾರಣ. ಮಣ್ಣಿದ್ದರೆ ಗಡಿಗೆ, ಮಣ್ಣಿಲ್ಲದಿದ್ದರೆ ಗಡಿಗೆಯಿಲ್ಲ. ತಂತ್ರಾಂಶದೊಡನೆಯೇ ಬಂದ ವಿಮಾನವೊಂದನ್ನು ತೆರೆದು ನೋಡಿ, ಅದರಲ್ಲಿ ದೀಪಗಳು ಸರಿಯಾಗಿದ್ದರೆ ದೋಷ ಹೊಸ ವಿಮಾನದ ಫೋಲ್ಡರಿನಲ್ಲಿ, ಇಲ್ಲವೇ ಅದು ಕರೆಯುವ ಪರಿಣಾಮದ ಕಡತದಲ್ಲಿ ಇದೆ ಎಂದು ತಿಳಿಯಬಹುದು. ಅದರಲ್ಲಿಯೂ ಕೆಟ್ಟಿದ್ದರೆ ಎಲ್ಲಕ್ಕೂ ಸಾಮಾನ್ಯವಾದ ಎಫೆಕ್ಟ್ಸ್ ಫೋಲ್ಡರೇ ಕೆಟ್ಟಿದೆ. ಹೊಸ ದೀಪಗಳ ಪೊಟ್ಟಣವು ಹಳೆಯ ಕಡತದ ಹೆಸರನ್ನೇ ಹೊತ್ತು ಬಂದು, ಅಳವಡಿಸುವಾಗ ಹಳೆಯದರ ಮೇಲೆ ಕುಳಿತುಬಿಟ್ಟಿರುವುದು ಇಂಥ ಸಂದರ್ಭಗಳಲ್ಲಿ ಸಾಮಾನ್ಯ ಕಾರಣ. ಒಂದು ವಿಮಾನಕ್ಕೆಂದು ತಂದ ದೀಪದಿಂದ ಮೂವತ್ತು ವಿಮಾನಗಳ ದೀಪ ಬದಲಾಗುವುದು ಹೀಗೆ.

ಕೆಲವು ಸಲ ದೋಷವು ಕಾಣದಿರುವುದಲ್ಲ, ಅತಿಯಾಗಿ ಕಾಣುವುದು. ಇದಕ್ಕೆ ಹೊಗೆಯೇ ಒಳ್ಳೆಯ ನಿದರ್ಶನ. ಭಾರತೀಯ ವಾಯುಸೇನೆಯ ‘ಸೂರ್ಯಕಿರಣ’ ಸಾಹಸಪ್ರದರ್ಶನ ತಂಡವು ೧೯೯೬ರಲ್ಲಿ ಬೀದರದ ವಾಯುನೆಲೆಯಲ್ಲಿ ರೂಪುಗೊಂಡಿತು. ಬೆಂಗಳೂರಿನ ಹಿಂದುಸ್ಥಾನ್ ಏರೋನಾಟಿಕ್ಸ್ ಸಂಸ್ಥೆಯಲ್ಲಿ ತಯಾರಾದ ಕಿರಣ್ ವಿಮಾನಗಳಲ್ಲಿ ಅದು ೨೦೧೧ರವರೆಗೆ ಹಾರಿ, ೨೦೧೫ರಿಂದ ಹಾಕ್ ವಿಮಾನಗಳಲ್ಲಿ ಪುನಃ ಆರಂಭಿಸಿತು. ಒಂಬತ್ತು ವಿಮಾನಗಳು ವಜ್ರದ ಆಕಾರದಲ್ಲಿ ಕೂಡಿ ಹಾರುತ್ತ ಹಿಂದೆ ಹೊಗೆಯ ಪಟ್ಟೆಗಳನ್ನು ಬಿಡುವ ನೋಟವನ್ನು ಬೀದರ ಸೀಮೆಯವರಿಗೆ ವರ್ಣಿಸಿ ಹೇಳಬೇಕಿಲ್ಲ. ಪ್ರದರ್ಶನದ ವಿಮಾನಗಳಲ್ಲಿ ಎಣ್ಣೆಯನ್ನು ಎಂಜಿನ್ನಿನಿಂದ ಹೊರಬರುವ ಬಿಸಿಗಾಳಿಗೆ ಸಿಂಪಡಿಸುತ್ತಾರೆ; ಅದು ಆವಿಯಾಗಿ, ಹೊರಗಿನ ತಂಪಿಗೆ ಮತ್ತೆ ಸಣ್ಣ ಹನಿಗಳಾಗಿ, ಬಿಳಿಯ ಹೊಗೆಯಂತೆ ತೋರುತ್ತದೆ. ಅದೇ ವ್ಯೂಹವನ್ನು ಸಿಮ್ಯುಲೇಟರಿನಲ್ಲಿ ಹಾರಿಸಬೇಕೆಂಬ ಆಸೆ ಆ ಆಕಾಶವನ್ನು ನೋಡಿ ಬೆಳೆದ ಹುಡುಗನಿಗೆ ಹುಟ್ಟುವುದು ಸಹಜ. ಹೊಗೆ ಬಿಟ್ಟ ಕೂಡಲೆ ಅವನ ಪರದೆಯ ಚಿತ್ರ ತಡೆತಡೆದು ನಡೆಯತೊಡಗುತ್ತದೆ.

ಇದರ ಕಾರಣ ಲೆಕ್ಕದಲ್ಲಿದೆ. ಎಫ್‌ಎಕ್ಸ್ ಕಡತದಲ್ಲಿ ಕ್ಷಣಕ್ಕೆ ಎಷ್ಟು ಕಣಗಳು ಹುಟ್ಟಬೇಕೆಂದೂ, ಒಂದೊಂದು ಕಣ ಎಷ್ಟು ಕ್ಷಣ ಬದುಕಬೇಕೆಂದೂ ಬರೆದಿರುತ್ತದೆ. ಸೆಕೆಂಡಿಗೆ ೪೦ ಕಣ ಹುಟ್ಟಿ, ಪ್ರತಿಯೊಂದೂ ೨೫ ಸೆಕೆಂಡ್ ಇದ್ದರೆ, ಯಾವ ಹೊತ್ತಿನಲ್ಲಾದರೂ ೧೦೦೦ ಕಣಗಳು ಆಕಾಶದಲ್ಲಿರುತ್ತವೆ. ವಿಮಾನ ಒಂಬತ್ತಾದರೆ ೯೦೦೦. ಅವೆಲ್ಲವೂ ಪಾರದರ್ಶಕವಾದುದರಿಂದ ಹಿಂದಿನದನ್ನು ಬಿಡದೆ ಎಲ್ಲವನ್ನೂ ಒಂದರ ಮೇಲೊಂದು ಬರೆಯಬೇಕಾಗುತ್ತದೆ. ಹೊಗೆಯ ನಡುವೆ ಹೊಕ್ಕು ನೋಡಿದಾಗ ಶ್ರಮ ಇಮ್ಮಡಿಸುತ್ತದೆ. ಹುಟ್ಟುವ ಕಣಗಳನ್ನು ಕಡಿಮೆ ಮಾಡೋಣವೆಂದರೆ ಇನ್ನೊಂದು ತೊಡಕು. ಸೆಕೆಂಡಿಗೆ ೧೨೦ ಮೀಟರ್ ವೇಗದಲ್ಲಿ ಹಾರುವ ವಿಮಾನ ೪೦ ಕಣ ಬಿಟ್ಟರೆ ಕಣಕ್ಕೂ ಕಣಕ್ಕೂ ನಡುವೆ ೩ ಮೀಟರ್. ಹತ್ತೇ ಬಿಟ್ಟರೆ ೧೨ ಮೀಟರ್. ಆಗ ಹೊಗೆಯ ಪಟ್ಟೆಯು ಹರಿದ ಜಪಮಾಲೆಯಂತೆ ಬಿಡಿಬಿಡಿಯಾಗುತ್ತದೆ. ಆದುದರಿಂದ ಕಡಿಮೆ ಮಾಡಬೇಕಾದುದು ಆಯುಸ್ಸು. ೨೫ ಸೆಕೆಂಡನ್ನು ೧೦ಕ್ಕೆ ಇಳಿಸಿದರೆ ಒಂಬತ್ತು ವಿಮಾನಗಳ ಕಣಗಳು ೩೬೦೦ಕ್ಕೆ ಇಳಿಯುತ್ತವೆ. ಪಟ್ಟೆ ಗಿಡ್ಡವಾಗುತ್ತದೆ, ಹರಿಯುವುದಿಲ್ಲ. ಚಂದಕ್ಕಾಗಿ ಉದ್ದನೆಯ ಪಟ್ಟೆಯೇ ಬೇಕೆಂದು ಹಠ ಹಿಡಿಯುವವರು ಒಂದೇ ವಿಮಾನದಿಂದ ತೃಪ್ತರಾಗಬೇಕು.

ಈಗ ಒಂದು ಪ್ರಸಂಗವನ್ನು ಮೊದಲಿನಿಂದ ಕೊನೆಯವರೆಗೆ ನೋಡುವುದು ಪ್ರಯೋಜನಕರ. ವಿದ್ಯಾರ್ಥಿಯೊಬ್ಬನು ಸೆಸ್ನಾ ೧೭೨ ಎಂಬ ಸಣ್ಣ ವಿಮಾನಕ್ಕೆ ಹೊಸ ದೀಪಗಳನ್ನು ಜೋಡಿಸಿದ್ದಾನೆಂದು ಭಾವಿಸಬಹುದು. ರಾತ್ರಿಯ ವೇಳೆ ನೋಡಿದರೆ ಎಡರೆಕ್ಕೆಯ ಕೆಂಪು ದೀಪ ಮಾತ್ರ ಇಲ್ಲ. ಇತರ ವಿಮಾನಗಳಲ್ಲಿ ಎಲ್ಲವೂ ಸರಿಯಾಗಿವೆ. ಅಂದಮೇಲೆ ದೋಷ ಈ ವಿಮಾನದ ಸಿಎಫ್‌ಜಿ ಕಡತದಲ್ಲಿ, ಇಲ್ಲವೇ ಅದು ಕರೆಯುವ ಹೊಸ ಎಫ್‌ಎಕ್ಸ್ ಕಡತದಲ್ಲಿ ಇರಬೇಕು. ಅವಸರದ ಹುಡುಗನಾದರೆ ವಿಮಾನವನ್ನೇ ಅಳಿಸಿ ಮತ್ತೆ ಅಳವಡಿಸುತ್ತಾನೆ. ಅದರಿಂದಲೂ ಆಗದಿದ್ದರೆ ಇಡೀ ತಂತ್ರಾಂಶವನ್ನೇ ಅಳಿಸುತ್ತಾನೆ. ಇಲಿಗೆ ಹೆದರಿ ಮನೆಗೆ ಬೆಂಕಿಯಿಟ್ಟಂತೆ ಇದು. ದೀಪ ಬೆಳಗಿದರೂ ಏಕೆ ಬೆಳಗಿತೆಂದು ತಿಳಿಯದು; ಬೆಳಗದಿದ್ದರಂತೂ ಹಿಂದಿನ ತಿಂಗಳುಗಳಲ್ಲಿ ಮಾಡಿಕೊಂಡ ತಿದ್ದುಪಡಿಗಳೆಲ್ಲ ಹೋದುವು. ವಿವೇಕಿಯು ಮೊದಲು ಕಡತದ ಪ್ರತಿಯೊಂದನ್ನು ಬೇರೆ ಕಡೆ ತೆಗೆದಿಡುತ್ತಾನೆ. ಆಮೇಲೆ ‘ಲೈಟ್ಸ್’ ಎಂಬ ಭಾಗವನ್ನು ತೆರೆಯುತ್ತಾನೆ. ಅಲ್ಲಿ ಒಂದೊಂದು ದೀಪಕ್ಕೆ ಒಂದೊಂದು ಸಾಲು. ಅದರ ಸ್ವರೂಪ ಹೀಗಿರುತ್ತದೆ:

ಲೈಟ್ ಡಾಟ್ ೧ = ೩, −೨.೦, −೧೭.೮, ೨.೫, ಎಫ್‌ಎಕ್ಸ್ ನ್ಯಾವ್‌ರೆಡ್

ಸಮಚಿಹ್ನೆಯ ಎಡಗಡೆಯ ೧ ಎಂಬುದು ದೀಪದ ಕ್ರಮಸಂಖ್ಯೆ. ಬಲಗಡೆಯ ಮೊದಲ ಅಂಕಿ ದೀಪದ ಜಾತಿ: ೧ ಎಂದರೆ ಮಿನುಗುವ ಬೀಕನ್, ೨ ಸ್ಟ್ರೋಬ್, ೩ ದಿಕ್ಕು ತೋರಿಸುವ ರೆಕ್ಕೆದೀಪ, ೪ ಚಾಲಕನ ಕೋಣೆಯ ದೀಪ, ೫ ಇಳಿಯುವಾಗಿನ ದೀಪ. ಮುಂದಿನ ಮೂರು ಸಂಖ್ಯೆಗಳು ದೀಪದ ಸ್ಥಾನವನ್ನು ವಿಮಾನದ ಮೂಲಬಿಂದುವಿನಿಂದ ಅಡಿಗಳಲ್ಲಿ ಹೇಳುತ್ತವೆ. ಮೊದಲನೆಯದು ಹಿಂದುಮುಂದು, ಎರಡನೆಯದು ಎಡಬಲ, ಮೂರನೆಯದು ಮೇಲುಕೆಳಗು. ಮುಂದೆ, ಬಲಕ್ಕೆ, ಮೇಲೆ ಇದ್ದರೆ ಧನ. ಹಿಂದೆ, ಎಡಕ್ಕೆ, ಕೆಳಗೆ ಇದ್ದರೆ ಋಣ. ಈ ವಿಮಾನದ ರೆಕ್ಕೆಗಳ ಒಟ್ಟು ಹರವು ಸುಮಾರು ೩೬ ಅಡಿ. ನಡುವಿನಿಂದ ತುದಿಗೆ ೧೮. ಆದುದರಿಂದ ೧೭.೮ ಎಂಬ ಸಂಖ್ಯೆ ರೆಕ್ಕೆಯ ತುದಿಯನ್ನು ಸೂಚಿಸುವುದು ಸಮಂಜಸ. ಮೇಲಿನ ಸಂಖ್ಯೆಗಳು ವಿವರಣೆಗಾಗಿ ಕೊಟ್ಟವು. ಆಯಾ ವಿಮಾನದಲ್ಲಿ ಬೇರೆ ಇರುತ್ತವೆ.

ವಿದ್ಯಾರ್ಥಿಯು ಮೊದಲು ಕ್ರಮಸಂಖ್ಯೆಗಳನ್ನು ನೋಡಬೇಕು. ಎರಡು ಸಾಲುಗಳಿಗೆ ಒಂದೇ ಸಂಖ್ಯೆ ಬಿದ್ದಿದ್ದರೆ ಒಂದು ಮಾತ್ರ ಗ್ರಾಹ್ಯವಾಗುತ್ತದೆ. ನಡುವೆ ಒಂದು ಸಂಖ್ಯೆ ಬಿಟ್ಟುಹೋದರೆ ಮುಂದಿನ ಸಾಲುಗಳು ಓದಲ್ಪಡದೆ ಉಳಿಯುವುದೂ ಉಂಟು. ಇವೆರಡೂ ಸರಿಯಾಗಿದ್ದರೆ ಮುಂದಿನ ಉಪಾಯ ಆದೇಶ. ವ್ಯಾಕರಣದಲ್ಲಿ ಒಂದು ಅಕ್ಷರದ ಸ್ಥಾನದಲ್ಲಿ ಇನ್ನೊಂದು ಅಕ್ಷರ ಬಂದು ನಿಲ್ಲುವುದನ್ನು ಆದೇಶವೆನ್ನುವರಷ್ಟೆ. ಇಲ್ಲಿಯೂ ಸಂಶಯವಿರುವ ಪರಿಣಾಮದ ಹೆಸರನ್ನು ತೆಗೆದು, ಬೇರೆ ವಿಮಾನದಲ್ಲಿ ನಿಶ್ಚಯವಾಗಿ ಬೆಳಗುತ್ತಿರುವ ಪರಿಣಾಮದ ಹೆಸರನ್ನು ಅದೇ ಸಾಲಿನಲ್ಲಿ ನಿಲ್ಲಿಸಬೇಕು. ಹಾಗೆ ಮಾಡಿದಾಗ ದೀಪ ಕಂಡರೆ ದೋಷ ಹೊಸ ಎಫ್‌ಎಕ್ಸ್ ಕಡತದಲ್ಲಿದೆ. ಕಾಣದಿದ್ದರೆ ದೋಷ ಸಾಲಿನಲ್ಲಿದೆ. ತಿದ್ದಿದ ಮೇಲೆ ವಿಮಾನವನ್ನು ಪುನಃ ತೆರೆಯುವುದನ್ನು ಮರೆಯಬಾರದು. ತಂತ್ರಾಂಶವು ಸಿಎಫ್‌ಜಿ ಕಡತವನ್ನು ವಿಮಾನ ತೆರೆಯುವಾಗ ಮಾತ್ರ ಓದುತ್ತದೆ. ಎಫ್‌ಎಕ್ಸ್ ಕಡತವನ್ನೇ ತಿದ್ದಿದ್ದರೆ ತಂತ್ರಾಂಶವನ್ನು ಮುಚ್ಚಿ ತೆರೆಯುವುದು ಲೇಸು.

ಎಷ್ಟು ತಿದ್ದಿದರೂ ಏನೂ ಬದಲಾಗದಿದ್ದರೆ ಒಂದು ವಿಚಿತ್ರ ಕಾರಣವನ್ನು ಶಂಕಿಸಬೇಕು. ೨೦೦೭ರಲ್ಲಿ ಸಾರ್ವಜನಿಕರ ಕೈಗೆ ಬಂದ ವಿಂಡೋಸ್ ವಿಸ್ಟಾ ಮೊದಲ್ಗೊಂಡು, ‘ಪ್ರೋಗ್ರಾಮ್ ಫೈಲ್ಸ್’ ಎಂಬ ರಕ್ಷಿತ ಫೋಲ್ಡರಿನೊಳಗಿನ ಕಡತವನ್ನು ಹಳೆಯ ಕಾಲದ ಸಂಪಾದಕ ತಂತ್ರಾಂಶದಿಂದ ತಿದ್ದಿದರೆ, ಆ ತಿದ್ದುಪಡಿ ಮೂಲದಲ್ಲಿ ಸೇರದೆ ‘ವರ್ಚುವಲ್ ಸ್ಟೋರ್’ ಎಂಬ ಗುಪ್ತಸ್ಥಾನದ ಛಾಯಾಪ್ರತಿಯಲ್ಲಿ ಸೇರುವುದುಂಟು. ತಿದ್ದಿದವನು ನೋಡುವುದು ಛಾಯೆ, ತಂತ್ರಾಂಶ ಓದುವುದು ಇನ್ನೊಂದು. ಸಿಮ್ಯುಲೇಟರನ್ನು ಮೊದಲೇ ಆ ರಕ್ಷಿತ ಫೋಲ್ಡರಿನ ಹೊರಗೆ ಅಳವಡಿಸಿದವರಿಗೆ ಈ ಬಾಧೆಯಿಲ್ಲ.

ಪ್ರಸ್ತುತ ವಿದ್ಯಾರ್ಥಿಯ ಪ್ರಯೋಗಕ್ಕೆ ಮರಳಿದರೆ, ಹೆಸರನ್ನು ಬದಲಿಸಿದರೂ ಎಡರೆಕ್ಕೆಯಲ್ಲಿ ದೀಪ ಕಾಣಲಿಲ್ಲ. ಆದುದರಿಂದ ದೋಷ ಸಾಲಿನಲ್ಲಿದೆ. ಇನ್ನು ವ್ಯತಿರೇಕ. ಸಾಲಿನ ಮೊದಲಿಗೆ ಎರಡು ಓರೆಗೆರೆಗಳನ್ನು ಹಾಕಿದರೆ ತಂತ್ರಾಂಶವು ಅದನ್ನು ಓದದೆ ಬಿಡುತ್ತದೆ. ಅಳಿಸದೆಯೇ ಇಲ್ಲವಾಗಿಸುವ ಉಪಾಯ ಇದು. ಅವನು ದೀಪಗಳ ಸಾಲುಗಳನ್ನೆಲ್ಲ ಹೀಗೆ ಮುಚ್ಚಿ ನೋಡುತ್ತಾನೆ. ಎಲ್ಲವನ್ನೂ ಮುಚ್ಚಿದ ಮೇಲೂ ದೀಪಗಳು ಬೆಳಗುತ್ತಿದ್ದರೆ ಅವು ವಿಮಾನದ ಆಕೃತಿಯೊಳಗೇ ಕಟ್ಟಿದ ದೀಪಗಳೆಂದು ತಿಳಿಯಬೇಕು. ಅಂಥವನ್ನು ಈ ಕಡತದಿಂದ ತಿದ್ದಲಾಗದು. ಇಲ್ಲಿ ಹಾಗಾಗದೆ ಎಲ್ಲವೂ ಆರಿದುವು. ಬಳಿಕ ಸಂಶಯವಿರುವ ಕೆಂಪು ದೀಪದ ಸಾಲಿಗೇ ೦ ಎಂಬ ಕ್ರಮಸಂಖ್ಯೆಯನ್ನು ಕೊಟ್ಟು, ಅದೊಂದನ್ನೇ ತೆರೆಯುತ್ತಾನೆ. ವಿಮಾನವನ್ನು ಪುನಃ ತೆರೆದು, ಹೊರಗಿನ ನೋಟದಲ್ಲಿ ಅದರ ಸುತ್ತ ಒಂದು ಪ್ರದಕ್ಷಿಣೆ ಬರುತ್ತಾನೆ. ಕೆಂಪು ದೀಪ ಬೆಳಗುತ್ತಿದೆ. ಆದರೆ ಬಲರೆಕ್ಕೆಯ ತುದಿಯಲ್ಲಿ.

ಎರಡನೆಯ ಸಂಖ್ಯೆಯ ಹಿಂದಿನ ಋಣಚಿಹ್ನೆ ಬಿಟ್ಟುಹೋಗಿತ್ತು. −೧೭.೮ ಇರಬೇಕಾದಲ್ಲಿ ೧೭.೮ ಇತ್ತು. ಹಾಗಾದರೆ ಇಷ್ಟು ಹೊತ್ತು ಅದು ಕಾಣಲಿಲ್ಲವೇಕೆ? ಹಸಿರು ದೀಪವೂ ಅದೇ ಬಿಂದುವಿನಲ್ಲಿತ್ತು. ದೀಪದ ಪರಿಣಾಮಗಳಲ್ಲಿ ಬಣ್ಣಕ್ಕೆ ಬಣ್ಣ ಕೂಡುತ್ತದೆ. ಬೆಳಕಿನ ಕೆಂಪೂ ಹಸಿರೂ ಕೂಡಿದರೆ ಹಳದಿ. ಬಲರೆಕ್ಕೆಯ ದೀಪ ಮೊದಲಿನಿಂದಲೂ ಹಳದಿಯಾಗಿಯೇ ಇತ್ತು. ಎಡರೆಕ್ಕೆಯಲ್ಲಿ ಏನಿಲ್ಲವೆಂದು ನೋಡುವುದರಲ್ಲಿ ಮಗ್ನನಾದ ಹುಡುಗನು ಬಲರೆಕ್ಕೆಯಲ್ಲಿ ಏನಿದೆಯೆಂದು ನೋಡಿರಲಿಲ್ಲ.

ಒಂದು ಸಣ್ಣ ಗೆರೆಗೆ ಇಷ್ಟೇಕೆ ಚರ್ಚೆಯೆಂದು ಯಾರಾದರೂ ಕೇಳಬಹುದು. ನಿಜವಾದ ವಿಮಾನದಲ್ಲಿ ಎಡಕ್ಕೆ ಕೆಂಪು, ಬಲಕ್ಕೆ ಹಸಿರು, ಬಾಲಕ್ಕೆ ಬಿಳಿ ದೀಪವಿರಬೇಕೆಂಬುದು ಲೋಕವೆಲ್ಲ ಒಪ್ಪಿದ ನಿಯಮ. ಹಡಗುಗಳಿಂದ ವಿಮಾನಕ್ಕೆ ಬಂದುದು. ರೆಕ್ಕೆಯ ಒಂದೊಂದು ದೀಪ ನೇರ ಮುಂದಿನಿಂದ ತನ್ನ ಪಕ್ಕಕ್ಕೆ ೧೧೦ ಡಿಗ್ರಿಯಷ್ಟು ಹರಡುತ್ತದೆ. ಉಳಿದ ೧೪೦ ಡಿಗ್ರಿ ಬಾಲದೀಪದ್ದು. ರಾತ್ರಿಯ ಆಕಾಶದಲ್ಲಿ ಇನ್ನೊಂದು ವಿಮಾನದ ಆಕಾರ ಕಾಣುವುದಿಲ್ಲ, ದೀಪಗಳಷ್ಟೇ ಕಾಣುತ್ತವೆ. ಅದು ತನ್ನ ಕಡೆಗೆ ಬರುತ್ತಿದೆಯೋ, ತನ್ನಿಂದ ದೂರ ಹೋಗುತ್ತಿದೆಯೋ ಎಂಬುದನ್ನು ಚಾಲಕನು ಬಣ್ಣದಿಂದ ತಿಳಿಯಬೇಕು. ಕೆಂಪೂ ಹಸಿರೂ ಎರಡೂ ಒಟ್ಟಿಗೆ ಕಂಡು, ಕೆಂಪು ತನ್ನ ಬಲಗಡೆಗಿದ್ದರೆ ಅದು ಎದುರಾಗಿ ಬರುತ್ತಿದೆ. ಸಿಮ್ಯುಲೇಟರಿನ ದೀಪವಾದರೋ ಸಾಮಾನ್ಯವಾಗಿ ಎಲ್ಲ ದಿಕ್ಕಿಗೂ ಒಂದೇ ರೀತಿ ಕಾಣುವುದರಿಂದ, ಅಲ್ಲಿ ಎಡಬಲದ ಕ್ರಮವೊಂದೇ ಕುರುಹು. ಎರಡು ಚಿಹ್ನೆಗಳೂ ಅದಲುಬದಲಾಗಿದ್ದರೆ, ಎದುರಾಗಿ ಬರುತ್ತಿರುವ ವಿಮಾನವು ದೂರ ಹೋಗುತ್ತಿರುವಂತೆ ತೋರುತ್ತದೆ.

ತಾರ್ಕಿಕರು ಅಜ್ಞಾನಕ್ಕೂ ಭ್ರಮೆಗೂ ಭೇದ ಹೇಳುತ್ತಾರೆ. ಕಪ್ಪೆಚಿಪ್ಪನ್ನು ಕಾಣದಿರುವುದು ಅಜ್ಞಾನ; ಕಂಡು ಬೆಳ್ಳಿಯೆನ್ನುವುದು ಭ್ರಮೆ. ಕಾಣದ ದೀಪವನ್ನು ಯಾರೂ ನಂಬುವುದಿಲ್ಲ; ತಪ್ಪಾಗಿ ಕಾಣುವ ದೀಪವನ್ನು ಎಲ್ಲರೂ ನಂಬುತ್ತಾರೆ. ಲಿಂಕನ ಪೆಟ್ಟಿಗೆಯಲ್ಲಿ ಕುಳಿತು ಫಲಕವನ್ನು ನಂಬಲು ಕಲಿತ ಚಾಲಕರ ಫಲಕವೇ ತಪ್ಪು ತೋರಿಸಿದ್ದರೆ ಆಗುತ್ತಿದ್ದ ಅನಾಹುತದ ಜಾತಿಯದೇ ಇದು. ಪರದೆಯ ಮುಂದೆ ಕುಳಿತ ಹುಡುಗರಲ್ಲಿ ಕೆಲವರು ಮುಂದೆ ನಿಜವಾದ ವಿಮಾನವನ್ನು ಏರುವವರೇ ಆಗಿರಬಹುದು. ಹದಿನೈದನೆಯ ವಯಸ್ಸಿನಲ್ಲಿ ಕಣ್ಣಿಗೆ ಬಿದ್ದ ಅಭ್ಯಾಸವು ಪಾಠಪುಸ್ತಕದ ಒಂದು ಸಾಲಿನಿಂದ ಅಳಿಸಿಹೋಗುವಂಥದಲ್ಲ.

ವಿದ್ಯಾರ್ಥಿಯು ಋಣಚಿಹ್ನೆಯನ್ನು ಹಾಕಿ, ಆ ಸಾಲಿಗೆ ಮೊದಲಿನ ಕ್ರಮಸಂಖ್ಯೆಯನ್ನು ಮರಳಿ ಕೊಟ್ಟು, ಮುಚ್ಚಿದ್ದ ಉಳಿದ ಸಾಲುಗಳನ್ನು ಒಂದೊಂದಾಗಿ ತೆರೆದು, ಪ್ರತಿ ಸಲವೂ ವಿಮಾನವನ್ನು ಪುನಃ ತೆರೆದು ನೋಡುತ್ತಾನೆ. ಹಸಿರಿನ ಮೇಲಿನ ಹಳದಿ ಹೋಗಿದೆ. ಬಳಿಕ ಹೊರಗಿನ ನೋಟವನ್ನು ವಿಮಾನದ ಮೂತಿಯ ಎದುರಿಗೆ ತರುತ್ತಾನೆ. ಕೆಂಪು ಅವನ ಬಲಗಡೆಗೆ, ಹಸಿರು ಎಡಗಡೆಗೆ ಇವೆ.